ಕೆಂಟಕಿಯ ನೀಲಿ ಹುಲ್ಲು

ಹೆಸರನ್ನೇ ಹುಟ್ಟೂರಿನ ಸಾಕ್ಷಿಯೆಂದು ನಂಬುವುದು ಚರಿತ್ರೆಯ ವಿದ್ಯಾರ್ಥಿಗೆ ತಕ್ಕುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಮನೆಯಂಗಳಗಳಲ್ಲಿಯೂ ಗೋಮಾಳಗಳಲ್ಲಿಯೂ ಬೆಳೆಯುವ ‘ಕೆಂಟಕಿ ಬ್ಲೂಗ್ರಾಸ್’, ಅಂದರೆ ಕೆಂಟಕಿಯ ನೀಲಿ ಹುಲ್ಲು, ಇದಕ್ಕೊಂದು ನಿದರ್ಶನ. ಕೆಂಟಕಿಗೆ ‘ಬ್ಲೂಗ್ರಾಸ್ ಸಂಸ್ಥಾನ’ವೆಂಬ ಬಿರುದೇ ಇದೆ. ಆದರೂ ಈ ಹುಲ್ಲಿನ ಮೂಲ ಕೆಂಟಕಿಯಲ್ಲ. ಅದು ಯೂರೋಪು ಮತ್ತು ಏಷ್ಯಾ ಖಂಡಗಳ ತಂಪುಸೀಮೆಯಿಂದ ಬಂದದ್ದು.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನಾದ ಕಾರ್ಲ್ ಲಿನೇಯಸನು 1753ರಲ್ಲಿ ಇದಕ್ಕೆ ‘ಪೋವ ಪ್ರಾಟೆನ್ಸಿಸ್’ ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಹುಲ್ಲುಗಾವಲಿನ ಹುಲ್ಲು ಎಂಬುದಷ್ಟೇ ಅದರ ಅರ್ಥ. ಕೆಂಟಕಿಯು ಸಂಸ್ಥಾನವಾದದ್ದು 1792ರಲ್ಲಿ. ಹುಲ್ಲಿನ ಶಾಸ್ತ್ರನಾಮವೇ ಅದಕ್ಕಿಂತ ಹಳೆಯದು. ಕಡಲು ದಾಟಿ ವಲಸೆ ಹೋದ ಯೂರೋಪಿಯನ್ನರು ತಮ್ಮ ದನಕರುಗಳೊಡನೆ ಮೇವಿನ ಬೀಜವನ್ನೂ ಒಯ್ದರು.

ಲೆಕ್ಸಿಂಗ್ಟನ್ ನಗರದ ಸುತ್ತಣ ನೆಲ ರಂಜಕಾಂಶವುಳ್ಳ ಸುಣ್ಣಕಲ್ಲಿನದು. ಅಲ್ಲಿ ಈ ಹುಲ್ಲು ಹುಲುಸಾಗಿ ಹಬ್ಬಿ, ಕುದುರೆಗಳ ಸಾಕಣೆಗೆ ಆಧಾರವಾಯಿತು. ನೆಲದಡಿಯಲ್ಲಿ ಹರಿಯುವ ಕಾಂಡಗಳಿಂದ ಇದು ಹೊಸ ಚಿಗುರುಗಳನ್ನು ಎಬ್ಬಿಸುತ್ತದೆ. ಬಹುಮಟ್ಟಿಗೆ ಗರ್ಭಾಧಾನವಿಲ್ಲದೆಯೇ ಬೀಜ ಕಟ್ಟುತ್ತದೆ. ಎಲೆಯೇನೋ ಹಸಿರೇ, ವಸಂತದಲ್ಲಿ ತೆನೆಗಳು ಹೊಮ್ಮಿದಾಗ ದೂರದಿಂದ ನೋಡುವವನಿಗೆ ಬಯಲು ನೀಲಿಛಾಯೆಯನ್ನು ತಳೆದಂತೆ ತೋರುತ್ತದೆ. ಕೆಂಟಕಿಯಲ್ಲಿ 1911ರಲ್ಲಿ ಜನಿಸಿದ ಗಾಯಕ ಬಿಲ್ ಮನ್ರೋ ತನ್ನ ವಾದ್ಯವೃಂದಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟನು. ಅದರಿಂದ ಒಂದು ಸಂಗೀತ ಪದ್ಧತಿಗೇ ಆ ಹೆಸರು ನಿಂತಿತು. ವಲಸೆಯ ಹುಲ್ಲು ಹೀಗೆ ನಾಡಿನ ಲಾಂಛನವೂ ದನಿಯೂ ಆಯಿತು.

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ಆ ಸೀಮೆಯಲ್ಲಿ ಮೊದಲು ಬಿದಿರಿನ ಜಾತಿಯ ಜೊಂಡಿನ ಮೆಳೆಗಳಿದ್ದವು, ಕಾಡುಕೋಣದ ಕುಲದ ಬೈಸನ್ ಹಿಂಡುಗಳು ಮೇಯುತ್ತಿದ್ದವು, ಮೂಲನಿವಾಸಿಗಳು ಬೇಟೆಯಾಡುತ್ತಿದ್ದರು. ವಸಾಹತುಗಾರರ ಉಳುಮೆಯಿಂದಲೂ ದನಗಳ ಮೇವಿನಿಂದಲೂ ಮೆಳೆಗಳು ಅಳಿದವು. ತೆರವಾದ ನೆಲವನ್ನು ಹೊಸ ಹುಲ್ಲು ಆಕ್ರಮಿಸಿತು. ಇಂದಿಗೂ ಉತ್ತರದ ಮಹಾಬಯಲುಗಳಲ್ಲಿ ಅದು ಸ್ಥಳೀಯ ಹುಲ್ಲುಗಳನ್ನು ಒತ್ತರಿಸುತ್ತಿದೆ.

ಗಣಪತಿಯ ಪೂಜೆಗೆ ನಾವು ಏರಿಸುವ ಗರಿಕೆಯನ್ನು ಅದೇ ಅಮೆರಿಕದಲ್ಲಿ ‘ಬರ್ಮುಡಾ ಹುಲ್ಲು’ ಎನ್ನುತ್ತಾರೆ. ಅದು ಆ ದ್ವೀಪದ ಮೂಲದ್ದಲ್ಲ. ಹೆಸರುಗಳು ತಂಗಿದ ಊರನ್ನು ಹೇಳುತ್ತವೆ, ಹೊರಟ ಊರನ್ನಲ್ಲ. ಪರನಾಡಿನಲ್ಲಿ ನೆಲಸಿದ ನಾವು ಹೊರಟ ಊರನ್ನು ನೆನೆಯುವುದು ಸಹಜವೇ. ನಾವು ಬರುವುದಕ್ಕೆ ಮೊದಲು ಇಲ್ಲಿ ಯಾರಿದ್ದರು, ಏನಿತ್ತು ಎಂಬುದನ್ನು ವಿಚಾರಿಸುವುದೂ ನಮ್ಮ ಹೊಣೆಯೇ ಸರಿ.