ಮಾದರಿಯೇ ಇಲ್ಲದೆ ಕಟ್ಟಿದ ನಿಲ್ದಾಣ: ಎಲಿಕಾಟ್ ಸಿಟಿ

ಮೇರಿಲ್ಯಾಂಡ್‌ನ ಪಟಾಪ್ಸ್ಕೋ ನದಿಯ ದಂಡೆಯಲ್ಲಿ 1830–31ರಲ್ಲಿ ಗ್ರಾನೈಟ್ ಕಲ್ಲಿನ ಕಟ್ಟಡವೊಂದು ಎದ್ದಿತು. ರೈಲು ನಿಲ್ದಾಣ ಹೇಗಿರಬೇಕೆಂದು ಆಗ ಅಮೆರಿಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೋಡಿ ಕಟ್ಟೋಣವೆಂದರೆ ಮಾದರಿಯೂ ಇರಲಿಲ್ಲ. ಬಾಲ್ಟಿಮೋರ್‌ನ ಹೊರವಲಯದ ಎಲಿಕಾಟ್ ಸಿಟಿಯ ಆ ನಿಲ್ದಾಣ, ಆ ದೇಶದಲ್ಲಿ ಉಳಿದುಬಂದಿರುವ ನಿಲ್ದಾಣಗಳಲ್ಲೇ ಅತ್ಯಂತ ಹಳೆಯದು. ಭಾರತದ ಮೊದಲ ಪ್ರಯಾಣಿಕರ ರೈಲು ಮುಂಬಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಬೆಂಗಳೂರಿನ ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ. ಎಲಿಕಾಟ್ ನಿಲ್ದಾಣದ ಹಿರಿತನ ಎಷ್ಟೆಂಬುದನ್ನು ಇದರಿಂದಲೇ ಅಳೆಯಬಹುದು.

ಊರನ್ನು ಕಟ್ಟಿದವರು ಎಲಿಕಾಟ್ ಸಹೋದರರು. 1772ರಲ್ಲಿ ಇಲ್ಲಿ ನೆಲೆಸಿ, ನದಿಯ ನೀರಿನಿಂದ ಓಡುವ ಹಿಟ್ಟಿನ ಗಿರಣಿ ಹಾಕಿದರು. ಹೊಗೆಸೊಪ್ಪು ಬೆಳೆಯುತ್ತಿದ್ದ ರೈತರನ್ನು ಗೋಧಿಯತ್ತ ತಿರುಗಿಸಿದರು. ಅತ್ತ ಈರಿ ಕಾಲುವೆಯಿಂದಾಗಿ ಒಳನಾಡಿನ ವ್ಯಾಪಾರವೆಲ್ಲ ನ್ಯೂಯಾರ್ಕ್ ಪಾಲಾಗುತ್ತಿತ್ತು. ಕಳವಳಗೊಂಡ ಬಾಲ್ಟಿಮೋರ್ ವರ್ತಕರು 1827ರಲ್ಲಿ ‘ಬಾಲ್ಟಿಮೋರ್ ಅಂಡ್ ಓಹಾಯೋ’ ರೈಲು ಕಂಪನಿ ಸ್ಥಾಪಿಸಿದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಬದುಕುಳಿದಿದ್ದ ಕೊನೆಯವರಾದ ಚಾರ್ಲ್ಸ್ ಕ್ಯಾರಲ್ 1828ರ ಜುಲೈ 4ರಂದು ರೈಲುಮಾರ್ಗದ ಮೊದಲ ಕಲ್ಲು ನೆಟ್ಟರು. 1830ರ ಮೇ ತಿಂಗಳಲ್ಲಿ ಸುಮಾರು 13 ಮೈಲಿಯ ಹಳಿ ಈ ಗಿರಣಿಗಳ ಊರನ್ನು ಮುಟ್ಟಿತು.

ಮೊದಲು ಬಂಡಿ ಎಳೆದದ್ದು ಕುದುರೆಗಳು. ದಾರಿಯ ನಡುವೆ ಅವನ್ನು ಬದಲಿಸುತ್ತಿದ್ದ ಊರಿಗೆ ಇಂದಿಗೂ ‘ರಿಲೇ’ ಎಂದೇ ಹೆಸರು. ಅದೇ ವರ್ಷದ ಆಗಸ್ಟ್‌ನಲ್ಲಿ ಪೀಟರ್ ಕೂಪರ್ ‘ಟಾಮ್ ಥಂಬ್’ ಎಂಬ ಪುಟ್ಟ ಉಗಿಯಂತ್ರವನ್ನು ಇಲ್ಲಿಯವರೆಗೆ ಓಡಿಸಿ ತೋರಿಸಿದರು. ಅದರ ಬಾಯ್ಲರ್‌ನ ಕೊಳವೆಗಳಿಗೆ ಅವರು ಬಳಸಿದ್ದು ಬಂದೂಕಿನ ನಳಿಗೆಗಳನ್ನು! ವಾಪಸು ಹೋಗುವಾಗ ಕುದುರೆಯೊಡನೆ ಪಂದ್ಯ ನಡೆಯಿತೆಂದೂ, ಯಂತ್ರದ ಪಟ್ಟಿ (ಬೆಲ್ಟ್) ಜಾರಿ ಅದು ಸೋತಿತೆಂದೂ ಹೇಳುತ್ತಾರೆ. ಪಂದ್ಯದ ಫಲ ಏನೇ ಇರಲಿ, ಹಳಿಯನ್ನು ಕೊನೆಗೆ ಆಳಿದ್ದು ಉಗಿಯೇ. 1833ರಲ್ಲಿ ಆಂಡ್ರ್ಯೂ ಜಾಕ್ಸನ್ ಇಲ್ಲಿಂದ ಬಾಲ್ಟಿಮೋರ್‌ಗೆ ರೈಲಿನಲ್ಲಿ ಹೋದರು. ಅಧಿಕಾರದಲ್ಲಿದ್ದಾಗಲೇ ರೈಲು ಹತ್ತಿದ ಮೊದಲ ಅಮೆರಿಕ ಅಧ್ಯಕ್ಷರು ಅವರು.

ಕಟ್ಟಡವನ್ನು ಹತ್ತಿರದಿಂದ ನೋಡಬೇಕು. ನೆಲ ಇಳಿಜಾರು. ಹಾಗಾಗಿ ಹಳಿಯ ಕಡೆಯಿಂದ ಬಂದವರಿಗೆ ನೇರ ಸಿಗುವುದು ಮೇಲಿನ ಅಂತಸ್ತು. ಬೀದಿಯಲ್ಲಿ ನಿಂತವರಿಗೆ ಅದೇ ಕಟ್ಟಡ ಎತ್ತರದ ಕಲ್ಲುಗೋಡೆಯಾಗಿ ಕಾಣುತ್ತದೆ. ಗೋಡೆಯ ದಪ್ಪ ಕಂಡರೆ ಇದು ಮೂಲತಃ ಸರಕಿಗಾಗಿ ಕಟ್ಟಿದ್ದೆಂಬುದು ಮನವರಿಕೆಯಾಗುತ್ತದೆ. ಪ್ರಯಾಣಿಕರಿಗೆ ಟಿಕೆಟ್ ಕೋಣೆ, ಗಂಡಸರು ಹೆಂಗಸರಿಗೆ ಬೇರೆ ಬೇರೆ ತಂಗುಕೋಣೆಗಳು ಒದಗಿದ್ದು ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದ ಬಳಿಕ. ಹೊರಗೆ ಎಂಜಿನ್ ತಿರುಗಿಸುತ್ತಿದ್ದ ಟರ್ನ್‌ಟೇಬಲ್‌ನ ಕಲ್ಲಿನ ಬುನಾದಿಯೂ, 1927ರ ಗಾರ್ಡ್ ಬೋಗಿಯೂ ಇವೆ. ಅಗತ್ಯ ಕಂಡಂತೆ ಕೋಣೆ ಸೇರಿಸುತ್ತ ಹೋದ ಈ ಕಟ್ಟಡದಲ್ಲಿ, ‘ನಿಲ್ದಾಣ’ವೆಂಬ ಕಲ್ಪನೆಯೇ ಹಂತಹಂತವಾಗಿ ರೂಪುಗೊಂಡದ್ದು ಕಣ್ಣಿಗೆ ಕಟ್ಟುತ್ತದೆ. ನನ್ನ ಪಾಲಿಗೆ ಇದರ ನಿಜವಾದ ಬೆಲೆ ಅದು.

ಇಪ್ಪತ್ತನೆಯ ಶತಮಾನದ ನಡುವೆ ಪ್ರಯಾಣಿಕರ ರೈಲು ನಿಂತಿತು. 1968ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ದೊರೆತರೂ, 1972ರ ಆಗ್ನೆಸ್ ಚಂಡಮಾರುತದ ಪ್ರವಾಹ ಇಡೀ ಊರನ್ನೇ ಕಂಗೆಡಿಸಿತು. ಆಗ ಹೆಗಲು ಕೊಟ್ಟವರು ಊರಿನವರು. ಅವರ ಶ್ರಮದಿಂದ ಕಟ್ಟಡ ದುರಸ್ತಿಯಾಗಿ, ಆ ದಶಕದಲ್ಲೇ ವಸ್ತುಸಂಗ್ರಹಾಲಯವಾಯಿತು. 2016 ಮತ್ತು 2018ರಲ್ಲಿ ಮುಖ್ಯಬೀದಿಯಲ್ಲಿ ಮತ್ತೆ ನೀರು ನುಗ್ಗಿತು. ಊರು ಮತ್ತೆ ಎದ್ದಿತು. ಪಕ್ಕದ ಹಳಿಯ ಮೇಲೆ ಗೂಡ್ಸ್ ರೈಲುಗಳು ಇಂದಿಗೂ ಓಡುತ್ತಿವೆ.

2027ಕ್ಕೆ ‘ಬಾಲ್ಟಿಮೋರ್ ಅಂಡ್ ಓಹಾಯೋ’ ರೈಲು ಕಂಪನಿ ಹುಟ್ಟಿ 200 ವರ್ಷ. ಬಾಲ್ಟಿಮೋರ್, ವಾಷಿಂಗ್ಟನ್ ಸುತ್ತಮುತ್ತಲ ಕನ್ನಡ ಕುಟುಂಬಗಳು ಮಕ್ಕಳನ್ನು ಇಲ್ಲಿಗೆ ಕರೆತರಲಿ. ದೊಡ್ಡ ವ್ಯವಸ್ಥೆಯೊಂದು ಎಷ್ಟು ಸಣ್ಣದಾಗಿ, ಎಷ್ಟು ಧೈರ್ಯದಿಂದ ಶುರುವಾಗುತ್ತದೆ ಎಂಬುದನ್ನು ಈ ಕಲ್ಲುಗೋಡೆಗಳಷ್ಟು ಚೆನ್ನಾಗಿ ಯಾವ ಪಠ್ಯಪುಸ್ತಕವೂ ಕಲಿಸಲಾರದು.