ಎಸೆಯಲಾಗದ ಕಾಗದಗಳು

ನಮ್ಮೂರ ಮನೆಯ ಚಾವಡಿಯಲ್ಲಿ ಒಂದು ತಂತಿ ನೇತಾಡುತ್ತಿತ್ತು. ಕೆಳಗೆ ದುಂಡನೆಯ ಮರದ ಬಿಲ್ಲೆ, ಮೇಲೆ ಕೊಕ್ಕೆಯ ಹಾಗೆ ಬಾಗಿದ ಚೂಪು ತುದಿ. ಅಂಚೆಯವನು ಕೊಟ್ಟು ಹೋದ ಕಾರ್ಡು, ಕಂದಾಯದ ರಸೀದಿ, ಅಡಿಕೆ ಮಂಡಿಯವರ ಚೀಟಿ, ಮೂಲೆಗೆ ಅರಿಸಿನ ಹಚ್ಚಿದ ಮದುವೆ ಕಾಗದ... ಅಜ್ಜ ಎಲ್ಲವನ್ನೂ ಓದಿ ಅದಕ್ಕೆ ಚುಚ್ಚಿಬಿಡುತ್ತಿದ್ದರು. ನಿಮ್ಮ ಮನೆಯಲ್ಲೂ ಇದ್ದಿರಬಹುದು, ಹಳೆಯ ಮನೆಗಳಲ್ಲಿ ಇದು ಇಲ್ಲದ ಚಾವಡಿಯೇ ಇರಲಿಲ್ಲ.

ಒಂದು ಬಗೆಯ ಕಾಗದ ಮಾತ್ರ ಆ ತಂತಿಗೆ ಏರುತ್ತಿರಲಿಲ್ಲ. ಸಾವಿನ ಸುದ್ದಿ ಹೊತ್ತು ಬಂದ ಕಾರ್ಡು. ಅದನ್ನು ಓದಿದ ಕೂಡಲೇ ಹರಿದು ಹೊರಗೆ ಎಸೆಯಬೇಕು, ಒಳಗೆ ಇಟ್ಟುಕೊಳ್ಳಬಾರದು. ಹಾಗಾಗಿ ಅಜ್ಜನ ತಂತಿಯನ್ನು ನಂಬಿ ಯಾರಾದರೂ ನಮ್ಮ ಮನೆತನದ ಚರಿತ್ರೆ ಬರೆದಿದ್ದರೆ, ಇವರ ನೆಂಟರಲ್ಲಿ ಮದುವೆಗಳಷ್ಟೇ ಆದವು, ಯಾರೂ ಸಾಯಲೇ ಇಲ್ಲ ಅಂತ ಬರೆಯಬೇಕಾಗುತ್ತಿತ್ತು!

ಈಗ ಬರೆಯುವ ಹಾಗೂ ಇಲ್ಲ. ಅಜ್ಜ ಹೋದ ಮೇಲೆ ಮನೆಯ ಹಂಚು ಬದಲಿಸುವಾಗ ಆ ಕಾಗದಗಳನ್ನೆಲ್ಲ ಬಚ್ಚಲ ಹಂಡೆಯ ಒಲೆಗೆ ತುಂಬಿದ್ದು ನಾನೇ. ಒಂಬತ್ತನೇ ಕ್ಲಾಸಿನಲ್ಲಿದ್ದೆ. ಚೆನ್ನಾಗಿ ಉರಿದವು. ಆಗ ಅದು ಕಸ ಅನ್ನಿಸಿತ್ತು, ನಿಜ ಹೇಳಬೇಕೆಂದರೆ ಕಸವೇ ಆಗಿತ್ತು.

ಕಸ ಯಾವಾಗ ಚರಿತ್ರೆಯಾಗುತ್ತದೆ ಅಂತ ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಈಜಿಪ್ಟಿನ ಒಂದು ಕತ್ತಲೆ ಕೋಣೆ. ಅದರ ಕತೆ ಸುತ್ತಿ ಬಳಸಿ ನಮ್ಮ ಮಂಗಳೂರಿಗೇ ಬರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಳೆಯ ಕೈರೋದ ಭಾಗಕ್ಕೆ ಫುಸ್ತಾತ್ ಎಂದು ಹೆಸರು. ಅಲ್ಲಿ ಬೆನ್ ಎಜ್ರಾ ಎಂಬ ಯಹೂದಿಗಳ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರು ಬರೆದ ಕಾಗದವನ್ನು ಸುಡಬಾರದು, ಹರಿಯಬಾರದು, ತುಳಿಯಬಾರದು ಎಂಬುದು ಯಹೂದಿಗಳ ನಿಯಮ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಅರ್ಥವಾಗದ ಮಾತೇನಲ್ಲ. ಹಳತಾದ ಬರಹಗಳನ್ನು ಒಂದು ಕಡೆ ಕೂಡಿಟ್ಟು, ಆಮೇಲೆ ಮನುಷ್ಯರನ್ನು ಹೂಳುವ ಹಾಗೆ ಮರ್ಯಾದೆಯಿಂದ ಹೂಳುತ್ತಿದ್ದರು. ಹಾಗೆ ಕೂಡಿಡುವ ಜಾಗಕ್ಕೆ ಗೆನೀಜಾ ಎನ್ನುತ್ತಾರೆ.

ಫುಸ್ತಾತಿನ ಗೆನೀಜಾ ಹೆಂಗಸರು ಕೂರುವ ಮಹಡಿಯ ಕೊನೆಯಲ್ಲಿದ್ದ ಒಂದು ಕೋಣೆ. ಬಾಗಿಲಿಲ್ಲ. ಗೋಡೆಯಲ್ಲಿ ಎತ್ತರದಲ್ಲೊಂದು ಕಿಂಡಿ, ಏಣಿ ಹತ್ತಿ ಅದರೊಳಗೆ ಕಾಗದ ಹಾಕಬೇಕು. ಹನ್ನೊಂದನೇ ಶತಮಾನದಿಂದ ಹತ್ತೊಂಬತ್ತನೆಯದರವರೆಗೆ ಜನ ಹಾಕುತ್ತಲೇ ಹೋದರು. ವ್ಯಾಪಾರದ ಪತ್ರವೂ ದೇವರ ಹೆಸರಿನಿಂದಲೇ ಶುರುವಾಗುತ್ತಿದ್ದರಿಂದ ಅದನ್ನೂ ಹಾಕಿದರು. ಬರಬರುತ್ತಾ ಹೀಬ್ರೂ ಲಿಪಿಯಲ್ಲಿರುವುದೆಲ್ಲವನ್ನೂ ಹಾಕತೊಡಗಿದರು. ಮದುವೆ ಕರಾರು, ವಿಚ್ಛೇದನದ ಪತ್ರ, ಸಾಮಾನಿನ ಪಟ್ಟಿ, ಔಷಧದ ಚೀಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ. ಇದನ್ನು ಮುಂದೆ ಯಾರಾದರೂ ಓದುತ್ತಾರೆ ಎಂಬ ಆಲೋಚನೆ ಯಾರಿಗೂ ಇರಲಿಲ್ಲ. ಹೂಳುವುದಕ್ಕೆಂದು ಕೂಡಿಟ್ಟದ್ದು ಹೂಳದೇ ಉಳಿಯಿತು, ಅಷ್ಟೇ. ಈಜಿಪ್ಟಿನ ಒಣ ಹವೆಯಲ್ಲಿ ಕೊಳೆಯಲೂ ಇಲ್ಲ.

1864ರಲ್ಲಿ ಯಾಕೋಬ್ ಸಫೀರ್ ಎಂಬ ಪ್ರವಾಸಿ ಅಲ್ಲಿಗೆ ಬಂದಾಗ, ಒಳಗೆ ಹಾವಿದೆ, ಹೋಗಬೇಡಿ ಎಂದು ಅಲ್ಲಿನವರು ಹೆದರಿಸಿದರಂತೆ. ನಿಧಿಯನ್ನು ಸರ್ಪ ಕಾಯುತ್ತದೆ ಅನ್ನುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ! ಆತ ಹಟ ಬಿಡದೆ ಒಳಹೊಕ್ಕು ಧೂಳಿನಲ್ಲಿ ತಡಕಾಡಿ ನಾಲ್ಕಾರು ಹಾಳೆ ಹಿಡಿದುಕೊಂಡು ಹೊರಬಂದ.

ಆಮೇಲೆ 1889ರಿಂದ 92ರವರೆಗೆ ಮಂದಿರವನ್ನು ಹೊಸದಾಗಿ ಕಟ್ಟಿದರು. ಆಗ ಹೊರಬಿದ್ದ ಹಾಳೆಗಳು ಹಳೆ ವಸ್ತುಗಳ ವ್ಯಾಪಾರಿಗಳ ಕೈಸೇರಿದವು. ಅಂಥ ಕೆಲವನ್ನು 1896ರಲ್ಲಿ ಕೊಂಡು ಕೇಂಬ್ರಿಜ್‌ಗೆ ತಂದವರು ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್. ಸ್ಕಾಟ್ಲೆಂಡಿನ ಅವಳಿ ಸೋದರಿಯರು, ಇಬ್ಬರೂ ವಿಧವೆಯರು. ಹೆಂಗಸರಿಗೆ ಕೇಂಬ್ರಿಜ್ ಪದವಿಯನ್ನೇ ಕೊಡದಿದ್ದ ಕಾಲದಲ್ಲಿ ತಾವೇ ಕಷ್ಟಪಟ್ಟು ಅರಬ್ಬಿ, ಸಿರಿಯಾಕ್, ಹೀಬ್ರೂ ಕಲಿತವರು. (ಇವರ ಬಗ್ಗೆಯೇ ಬೇರೆ ಲೇಖನ ಬರೆಯಬೇಕು.) ಅವರು ತಂದ ಒಂದು ಹಾಳೆಯನ್ನು ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರಿಗೆ ತೋರಿಸಿದರು. ಗ್ರೀಕ್ ಅನುವಾದ ಉಳಿದಿದ್ದರೂ ಹೀಬ್ರೂ ಮೂಲ ಎಂದೋ ಕಳೆದುಹೋಗಿದ್ದ ಬೆನ್ ಸಿರಾನ ಗ್ರಂಥದ ಹಾಳೆ ಅದು.

ಶೆಕ್ಟರ್ ಆ ವರ್ಷದ ಕೊನೆಗೇ ಕೈರೋಗೆ ಹೊರಟರು. ಅಲ್ಲಿನ ಮುಖ್ಯ ರಬ್ಬಿಯ ಸ್ನೇಹ ಸಂಪಾದಿಸಿ, ಬೇಕಾದಷ್ಟು ತೆಗೆದುಕೊಂಡು ಹೋಗಲು ಅನುಮತಿ ಪಡೆದರು. ವಾರಗಟ್ಟಲೆ ಆ ಕೋಣೆಯ ಧೂಳು ಕುಡಿದರು. ಕಂಡಕಂಡವರಿಗೆಲ್ಲ ಬಕ್ಷೀಸು ಕೊಟ್ಟು ಸಾಕಾಯಿತು ಎಂದು ಗೊಣಗಿಕೊಂಡರು. ಕೊನೆಗೆ ಕೇಂಬ್ರಿಜ್‌ಗೆ ಸಾಗಿಸಿದ್ದು ಸುಮಾರು 1,93,000 ತುಣುಕುಗಳನ್ನು. ಬೇರೆ ಬೇರೆ ಕಡೆಗೆ ಚದುರಿದ್ದನ್ನೂ ಸೇರಿಸಿದರೆ ಒಟ್ಟು ನಾಲ್ಕು ಲಕ್ಷದಷ್ಟಾಗುತ್ತದೆ ಎನ್ನುತ್ತಾರೆ. ಕೇಂಬ್ರಿಜ್, ಆಕ್ಸ್‌ಫರ್ಡ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್, ಜೆರುಸಲೇಂ... ಈಜಿಪ್ಟಿನಲ್ಲಿ ಉಳಿದದ್ದು ಅಲ್ಪಸ್ವಲ್ಪ. ಇದನ್ನು ರಕ್ಷಣೆ ಅನ್ನಬೇಕೋ ಲೂಟಿ ಅನ್ನಬೇಕೋ? ಬ್ರಿಟಿಷರು ಈಜಿಪ್ಟನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಕಾಲ ಅದು ಅನ್ನುವುದನ್ನಂತೂ ಮರೆಯುವ ಹಾಗಿಲ್ಲ. ಆದರೆ ಆ ಕಾಗದಗಳು ಅಲ್ಲೇ ಇದ್ದಿದ್ದರೆ ಹಂಡೆಯ ಒಲೆ ಸೇರುತ್ತಿದ್ದವೇನೋ ಎಂಬ ಅಳುಕು ನನ್ನಂಥವನಿಗೆ ಇದ್ದೇ ಇರುತ್ತದೆ.

ಶೆಕ್ಟರ್‌ಗೆ ಬೇಕಾಗಿದ್ದದ್ದು ಧರ್ಮಗ್ರಂಥಗಳು. ಚೂರುಪಾರು ಪತ್ರ, ಲೆಕ್ಕದ ಚೀಟಿಗಳು ಅವರಿಗೆ ಅಷ್ಟಾಗಿ ಬೇಕಿರಲಿಲ್ಲ. ಒಂದಷ್ಟು ಪೆಟ್ಟಿಗೆಗಳು ಕೆಲಸಕ್ಕೆ ಬಾರದವು ಎನ್ನಿಸಿಕೊಂಡು ಲೈಬ್ರರಿಯಲ್ಲೇ ದಶಕಗಳ ಕಾಲ ಬಿದ್ದಿದ್ದವು. ಅಂದರೆ ಕಸದಿಂದ ಆರಿಸಿ ತಂದ ಮೇಲೂ ಅದರೊಳಗೆ ಮತ್ತೊಂದು ಕಸ! 1950ರ ದಶಕದಲ್ಲಿ ಅವುಗಳ ಬೆನ್ನು ಹತ್ತಿದವರು ಎಸ್. ಡಿ. ಗೊಯ್ಟೈನ್. ಆ ಚೀಟಿಗಳಿಂದಲೇ ಮಧ್ಯಯುಗದ ಮೆಡಿಟರೇನಿಯನ್ ಸಮಾಜದ ಬಗ್ಗೆ ಐದು ಸಂಪುಟ ಬರೆದರು. ಮೊದಲನೆಯದು 1967ರಲ್ಲಿ ಬಂತು, ಕೊನೆಯದು ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ, 1988ರಲ್ಲಿ.

ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನಾವು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವುದಿಲ್ಲವೇ, ಹಾಗೆ. ಓದುತ್ತಾ ಹೋದಂತೆ ಗೊಯ್ಟೈನ್‌ಗೆ ಗೊತ್ತಾಯಿತು, ಇವುಗಳಲ್ಲಿ ನೂರಾರು ಕಾಗದಗಳು ಹಿಂದೂಸ್ತಾನದ ವ್ಯಾಪಾರದವು. ಅದರಲ್ಲಿ ಮತ್ತೆ ಮತ್ತೆ ಬರುವ ಊರು ಮಂಜರೂರ್. ಅದೇ ನಮ್ಮ ಮಂಗಳೂರು.

ಆ ಊರಲ್ಲಿದ್ದವನು ಅಬ್ರಹಾಂ ಬೆನ್ ಯಿಜು. ಈಗಿನ ಟುನೀಸಿಯಾದ ಮಹ್ದಿಯಾ ಎಂಬ ಊರಿನವನು. ಏಡನ್ ಮೂಲಕ 1132ರ ಹೊತ್ತಿಗೆ ಇಲ್ಲಿಗೆ ಬಂದು ಹದಿನೇಳು ವರ್ಷ ಇಲ್ಲೇ ಇದ್ದ. ತುಳುನಾಡಿನಲ್ಲಿ ಆಗ ಅಳುಪರ ಆಳ್ವಿಕೆ, ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ. ಬೆನ್ ಯಿಜು ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. (ಅಡಿಕೆ! ಅಜ್ಜನ ತಂತಿಯ ತುಂಬ ಇದ್ದದ್ದೂ ಅದರ ಲೆಕ್ಕವೇ.) ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್‌ನಿಂದ ತಾಮ್ರವೂ ಒಡೆದ ಹಳೆಯ ಪಾತ್ರೆಗಳೂ ಹಡಗಿನಲ್ಲಿ ಬರುತ್ತಿದ್ದವು. ಇದನ್ನು ಕರಗಿಸಿ ಇಂಥ ಆಕಾರದ, ಇಷ್ಟು ತೂಕದ ಪಾತ್ರೆ ಮಾಡಿಸಿ ಕಳಿಸು ಎಂಬ ಕೋರಿಕೆಯೂ ಜೊತೆಗಿರುತ್ತಿತ್ತು. ಒಡೆದ ಪಾತ್ರೆ ಮಂಗಳೂರಿನವರೆಗೆ ಬಂದು ಹೊಸದಾಗಿ ವಾಪಸು ಹೋಗುತ್ತಿತ್ತು ಅಂದರೆ ಇಲ್ಲಿನ ಕಂಚುಗಾರರ ಕೈಗುಣ ಹೇಗಿದ್ದಿರಬೇಕು ನೋಡಿ.

ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಕಳಿಸುತ್ತಿದ್ದರು. ಓಲೆಗರಿಯ ಮೇಲೆ ಬರೆಯುವ ಈ ನಾಡಿನಲ್ಲಿ ಕಾಗದ ಎಲ್ಲಿ ಸಿಗಬೇಕು? ಹಾಗಾಗಿ ಬೆನ್ ಯಿಜು ಕಾಗದದ ವಿಷಯದಲ್ಲಿ ಭಾರೀ ಜಿಪುಣ. ಬಂದ ಪತ್ರದ ಹಿಂಬದಿಯಲ್ಲಿ, ಅಂಚಿನಲ್ಲಿ, ಸಾಲುಗಳ ನಡುವೆ ತನ್ನ ಲೆಕ್ಕ ಗೀಚುತ್ತಿದ್ದ. ಏಲಕ್ಕಿಗೆಂದು ಮುಂಗಡ ಕೊಟ್ಟು ಏಲಕ್ಕಿಯೂ ಇಲ್ಲ, ಹಣವೂ ಇಲ್ಲ ಎಂದು ಒದ್ದಾಡಿದ ರಗಳೆ ಈ ಕಾಗದಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲಿ ಒಂದು ಪತ್ರ ಬರೆದುಕೊಟ್ಟ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಅವಳನ್ನೇ ಮದುವೆಯಾದ ಎಂದು ವಿದ್ವಾಂಸರು ತಿಳಿಯುತ್ತಾರೆ. ಸುರೂರ್ ಎಂಬ ಮಗ, ಸಿತ್ ಅಲ್-ದಾರ್ ಎಂಬ ಮಗಳು. ಅಶುವಿನ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ಯಾರೋ ಅವಳ ಒಡೆಯನಾಗಿದ್ದ ಎಂಬ ಕಾರಣಕ್ಕೆ ಅವಳ ಹೆಸರು ಉಳಿಯಿತು ಅನ್ನುವುದನ್ನು ನೆನೆದರೆ ಸಂಕಟವಾಗುತ್ತದೆ.

ಇನ್ನೊಬ್ಬ ಬೊಮ್ಮ. ಬೆನ್ ಯಿಜುವಿನ ದಾಸ ಮತ್ತು ವ್ಯಾಪಾರದ ಪ್ರತಿನಿಧಿ. ದಾಸ ಎಂದರೂ ಒಡೆಯನ ಸರಕು ಹೊತ್ತು ಸಮುದ್ರ ದಾಟಿ ಏಡನ್‌ವರೆಗೆ ಹೋಗಿ ವ್ಯವಹಾರ ಮಾಡಿ ಬರುವವನು. ಒಮ್ಮೆ ಅಲ್ಲಿ ಚೆನ್ನಾಗಿ ಕುಡಿದು, ಕೊಟ್ಟ ಹಣ ಸಾಲದು, ಇನ್ನೂ ಕೊಡಿ ಎಂದು ಅಲ್ಲಿನ ದೊಡ್ಡ ವರ್ತಕ ಮದ್ಮೂನನನ್ನು ಪೀಡಿಸಿದ. ಮದ್ಮೂನ್ ಅದನ್ನು ಬೆನ್ ಯಿಜುವಿಗೆ ದೂರು ಬರೆದ. ಆದರೆ ಬೇರೆ ಪತ್ರಗಳಲ್ಲಿ ಏಡನ್‌ನ ವರ್ತಕರು ಬೊಮ್ಮನಿಗೆ ನನ್ನ ನಮಸ್ಕಾರ ತಿಳಿಸು ಎಂದೂ ಬರೆಯುತ್ತಾರೆ. ಹೀಬ್ರೂ ಲಿಪಿಯಲ್ಲಿ ಇರುವುದು ಬ-ಮ-ಹ ಎಂಬ ಮೂರೇ ಅಕ್ಷರ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಅಮಿತಾವ್ ಘೋಷ್ 1978ರಲ್ಲಿ ಗೊಯ್ಟೈನ್ ಅನುವಾದಿಸಿದ ಪತ್ರವೊಂದರಲ್ಲಿ ಈ ದಾಸನ ಸುಳಿವು ಕಂಡು ಬೆನ್ನು ಹತ್ತಿದರು, ಈಜಿಪ್ಟಿನ ಹಳ್ಳಿಯಲ್ಲಿದ್ದು ಅರಬ್ಬಿ ಕಲಿತರು, ಮಂಗಳೂರಿಗೂ ಬಂದರು. ಆ ಮೂರಕ್ಷರವನ್ನು ಬೊಮ್ಮ ಎಂದು ಓದಲು ದಾರಿ ತೋರಿದವರು ನಮ್ಮ ಬಿ. ಎ. ವಿವೇಕ ರೈ. ತುಳುನಾಡಿನ ಬೆರ್ಮೆರನ್ನು, ನಮ್ಮ ಶಾಸನಗಳ ಬೊಮ್ಮಯ್ಯ, ಬೊಮ್ಮಣ್ಣರನ್ನು ಬಲ್ಲವರಿಗೇ ಹೊಳೆಯುವ ಉತ್ತರ ಅದು. ಘೋಷ್ 1992ರಲ್ಲಿ ಬರೆದ 'ಇನ್ ಆನ್ ಆಂಟಿಕ್ ಲ್ಯಾಂಡ್' ಈ ಹುಡುಕಾಟದ ಪುಸ್ತಕ.

ನಮ್ಮಲ್ಲಿ ಶಾಸನಗಳಿಗೆ ಬರವಿಲ್ಲ. ಹನ್ನೆರಡನೇ ಶತಮಾನದವೇ ರಾಶಿ ಇವೆ. ಯಾರು ಯಾವ ದೇವಸ್ಥಾನಕ್ಕೆ ಎಷ್ಟು ಗದ್ದೆ ಬಿಟ್ಟರು, ತುರು ಕಾಯಲು ಹೋಗಿ ಯಾರು ಸತ್ತರು, ಎಲ್ಲ ಇದೆ. ಶಾಶ್ವತವಾಗಿರಲಿ ಅಂತಲೇ ಕಲ್ಲಿಗೆ ಹಾಕಿದ್ದು. ಕುಡಿದು ಜಗಳ ತೆಗೆದವನನ್ನು ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ? ದಿನದ ಲೆಕ್ಕಪತ್ರ ಇದ್ದದ್ದು ಓಲೆಯಲ್ಲಿ ಮತ್ತು ಕಡತದಲ್ಲಿ. ಕಡತ ಅಂದರೆ ಈಗ ಸರ್ಕಾರಿ ಕಚೇರಿಯ ಫೈಲು, ಆದರೆ ಹಿಂದೆ ಅದು ಹುಣಿಸೆ ಬೀಜದ ಗಂಜಿ ಮತ್ತು ಇದ್ದಿಲು ಬಳಿದು ಮಡಿಸಿದ ಬಟ್ಟೆ, ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದು, ಅದೇ ಅದರ ಅನುಕೂಲ! ಶೃಂಗೇರಿಯಂಥ ಮಠಗಳಲ್ಲಿ ಜೋಪಾನವಾಗಿ ಉಳಿದವು. ಅಲ್ಲೇ 1916ರಲ್ಲಿ ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡ ಪತ್ರಗಳ ಕಟ್ಟು ಸಿಕ್ಕಿದ್ದು. ಉಳಿದ ಕಡೆ ಮಳೆ, ಗೆದ್ದಲು. ಹಳೆಯ ಓಲೆಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟವರೂ ಇದ್ದಾರೆ. ಯಹೂದಿಗಳಿಗೂ ಅವರಿಗೂ ಇದ್ದ ಭಾವನೆ ಒಂದೇ. ಅಲ್ಲಿ ಕೋಣೆ, ಇಲ್ಲಿ ಹೊಳೆ.

ಆ ಕೋಣೆ ಸಾವಿನ ಕಾಗದವನ್ನೂ ಎಸೆಯಲಿಲ್ಲ. ಮೈಮೋನಿಡಿಸ್ ಎಂಬ ಮಹಾ ತತ್ವಜ್ಞಾನಿಗೆ ಅವನ ತಮ್ಮ ದಾವೀದ್ ಬರೆದ ಪತ್ರ ಅಲ್ಲಿ ಸಿಕ್ಕಿತು. ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಬರೆದದ್ದು. ಇಲ್ಲಿ ಕೊಳ್ಳುವಂಥದ್ದೇನೂ ಇಲ್ಲ, ಹಿಂದೂಸ್ತಾನಕ್ಕೆ ಹಡಗು ಹತ್ತುತ್ತೇನೆ, ಚಿಂತೆ ಮಾಡಬೇಡ ಅನ್ನುತ್ತಾನೆ. ಆ ಸಮುದ್ರದಲ್ಲೇ ಅವನು ಮುಳುಗಿ ಸತ್ತ. ಅಣ್ಣ ವರ್ಷಗಟ್ಟಲೆ ಚೇತರಿಸಿಕೊಳ್ಳಲಿಲ್ಲ.

ಬೆನ್ ಯಿಜು 1149ರಲ್ಲಿ ಮಂಗಳೂರು ಬಿಟ್ಟ. ಅದರ ಹಿಂದಿನ ವರ್ಷ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಗೆದ್ದು ಅವನ ಮನೆಯವರು ದಿಕ್ಕಾಪಾಲಾಗಿದ್ದರು. ಏಡನ್ ತಲುಪಿ ತಮ್ಮನಿಗೆ ಪತ್ರ ಬರೆದ. ಕೈಯಲ್ಲಿ ಹಣವಿದೆ, ಮಕ್ಕಳೊಂದಿಗೆ ಕ್ಷೇಮವಾಗಿ ಬಂದಿದ್ದೇನೆ, ನೀವೂ ಬನ್ನಿ, ಇದ್ದದ್ದನ್ನು ಹಂಚಿಕೊಂಡು ಬದುಕೋಣ ಎಂದು. ಅಶುವಿನ ಹೆಸರು ಅದರಲ್ಲಿಲ್ಲ. ಮುಂದೆ 1156ರಲ್ಲಿ ಮಗಳನ್ನು ತಮ್ಮನ ಮಗನಿಗೆ ಫುಸ್ತಾತಿನಲ್ಲಿ ಮದುವೆ ಮಾಡಿಕೊಟ್ಟ. ಹಾಗೆ ಫುಸ್ತಾತಿಗೆ ಬರುವಾಗ ಮಂಗಳೂರಿನ ಹಳೆಯ ಪತ್ರಗಳ ಗಂಟನ್ನೂ ಹೊತ್ತು ತಂದದ್ದರಿಂದ ಅವು ಆ ಕಿಂಡಿಯೊಳಗೆ ಬಿದ್ದವು. ಗೊಯ್ಟೈನ್ ಜೀವಮಾನವಿಡೀ ತಿದ್ದುತ್ತಿದ್ದ ಹಿಂದೂಸ್ತಾನದ ವ್ಯಾಪಾರದ ಪುಸ್ತಕವನ್ನು ಅವರ ಶಿಷ್ಯ ಮೊರ್ದೆಖೈ ಫ್ರೀಡ್ಮನ್ ಮುಗಿಸಿ 2008ರಲ್ಲಿ ಪ್ರಕಟಿಸಿದರು. ಕಾಗದಗಳ ಫೋಟೋಗಳನ್ನು ಈಗ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು. ಓದಲು ಬಾರದಿದ್ದರೂ ನಾನು ನೋಡಿದ್ದೇನೆ. ಅಂಚಿನಲ್ಲಿ ತಲೆಕೆಳಗಾಗಿ ಒತ್ತೊತ್ತಾಗಿ ತುಂಬಿದ ಅಕ್ಷರಗಳು ಥೇಟ್ ಅಜ್ಜನ ಕಾರ್ಡುಗಳ ಹಾಗೇ ಇವೆ.

ಹೋದ ಸಲ ಊರಿಗೆ ಹೋದಾಗ ಅಟ್ಟದ ಮೇಲೆ ಆ ತಂತಿ ಸಿಕ್ಕಿತು. ತುಕ್ಕು ಹಿಡಿದಿದೆ. ಮರದ ಬಿಲ್ಲೆಗೆ ಅಂಟಿಕೊಂಡು ಒಂದು ಚೂರು ಕಾಗದ ಉಳಿದಿದೆ. ಎಲ್ಲಕ್ಕಿಂತ ಕೆಳಗಿನದು, ಅಂದರೆ ಎಲ್ಲಕ್ಕಿಂತ ಹಳೆಯದು. ಅಂದು ಕಿತ್ತರೆ ಬರಲಿಲ್ಲವೇನೋ, ಬಿಟ್ಟಿದ್ದೆ. ಪೆನ್ಸಿಲಿನಲ್ಲಿ ಬರೆದದ್ದು ಮಸುಕಾಗಿದೆ. ಬೆಳಕಿಗೆ ಹಿಡಿದು ನೋಡಿದರೆ ಇಷ್ಟು ಓದಲು ಬರುತ್ತದೆ: ತೆಂಗಿನಕಾಯಿ ಹದಿನೆಂಟು, ಬಾಕಿ ಬರುವ ಸೋಮವಾರ, ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಅದು ಯಾರದು ಅಂತ ಅಮ್ಮನಿಗೂ ಗೊತ್ತಿಲ್ಲ.