ವೆಸೂವಿಯಸ್ ಮಡಿಲಿನ ತೂಗು ಟೊಮೆಟೊ

ಮಾರುಕಟ್ಟೆಯಿಂದ ತಂದ ಟೊಮೆಟೊ ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ, ವಾರ ಕಳೆದರೆ ನೀರೊಡೆಯುತ್ತದೆ. ದರ ಕುಸಿದಾಗ ಕೋಲಾರದ ರೈತರು ಬುಟ್ಟಿಗಟ್ಟಲೆ ಹಣ್ಣನ್ನು ರಸ್ತೆಗೆ ಸುರಿಯುವುದಕ್ಕೂ ಇದೇ ಒಂದು ಕಾರಣ. ಒಳ್ಳೆಯ ಬೆಲೆ ಬರಲಿ ಎಂದು ಹಣ್ಣನ್ನು ಇಟ್ಟುಕೊಂಡು ಕಾಯುವಂತಿಲ್ಲ. ಆದರೆ ಆಗಸ್ಟ್‌ನಲ್ಲಿ ಕೊಯ್ದ ಟೊಮೆಟೊವನ್ನು ಶೀತಲಗೃಹದ ಹಂಗಿಲ್ಲದೆ, ಉಪ್ಪು ಎಣ್ಣೆ ಏನನ್ನೂ ಸೋಕಿಸದೆ, ಮರುವರ್ಷದ ವಸಂತದವರೆಗೆ ಉಳಿಸಿಕೊಳ್ಳುವ ಊರುಗಳು ಜಗತ್ತಿನಲ್ಲಿವೆ ಎಂದರೆ ನಂಬುವಿರಾ?

ಆ ಊರುಗಳಿರುವುದು ದಕ್ಷಿಣ ಇಟಲಿಯ ನೇಪಲ್ಸ್ ನಗರದ ಪಕ್ಕದಲ್ಲಿ, ವೆಸೂವಿಯಸ್ ಜ್ವಾಲಾಮುಖಿಯ ಇಳಿಜಾರಿನಲ್ಲಿ. ಅಲ್ಲಿನ ಮನೆಗಳ ಜಂತಿಗೆ, ಮೊಗಸಾಲೆಯ ಗೋಡೆಗೆ ಕೆಂಪು ಹಣ್ಣಿನ ದಪ್ಪ ಗೊಂಚಲುಗಳನ್ನು ತೂಗುಹಾಕುತ್ತಾರೆ. ನಮ್ಮಲ್ಲಿ ಈರುಳ್ಳಿಯನ್ನೋ ಬೀಜದ ಜೋಳದ ತೆನೆಯನ್ನೋ ಅಟ್ಟದಲ್ಲಿ ಕಟ್ಟುವಂತೆಯೇ ಇದು. ಈ ಗೊಂಚಲಿಗೆ ನೇಪಲ್ಸ್‌ನ ಆಡುಮಾತಿನಲ್ಲಿ ‘ಪಿಯೆನ್ನೊಲೊ’ ಎಂದು ಹೆಸರು. ತೂಗಾಡುವಂಥದ್ದು ಎಂದು ಅದರ ಅರ್ಥ. ತಳಿಗೂ ಅದೇ ಹೆಸರು ನಿಂತಿದೆ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಪಾಂಪೆ ನಗರವನ್ನು ಬೂದಿಯಲ್ಲಿ ಹೂತುಹಾಕಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಪಾಂಪೆಯ ಜನ ಟೊಮೆಟೊವನ್ನು ಕಂಡವರೇ ಅಲ್ಲ! ಅದರ ತವರು ದಕ್ಷಿಣ ಅಮೆರಿಕ. ಊಟದ ಹಣ್ಣಾಗಿ ಅದನ್ನು ಬೆಳೆಸಿದವರು ಮೆಕ್ಸಿಕೋದ ಮೂಲನಿವಾಸಿಗಳು. ಸ್ಪೇನಿನವರು ಆ ನಾಡನ್ನು ಗೆದ್ದ ಮೇಲೆ, 16ನೇ ಶತಮಾನದಲ್ಲಿ, ಅದು ಕಡಲು ದಾಟಿ ಯೂರೋಪಿಗೆ ಬಂತು. ಇಟಲಿಯ ವೈದ್ಯ ಮತ್ತಿಯೋಲಿ 1544ರಲ್ಲಿ ಈ ಹೊಸ ಹಣ್ಣಿನ ಬಗ್ಗೆ ಬರೆಯುವಾಗ ಅದನ್ನು ಬದನೆಯ ಒಂದು ಬಗೆ ಎಂದೇ ತಿಳಿದಿದ್ದ. ಕನ್ನಡಿಗರ ಹಿರಿಯರು ಟೊಮೆಟೊವನ್ನು ‘ಚಪ್ಪರಬದನೆ’ ಎಂದು ಕರೆದದ್ದನ್ನು ಇಲ್ಲಿ ನೆನೆಯಬಹುದು. ಸಾವಿರಾರು ಮೈಲಿ ದೂರದ ಎರಡು ನಾಡಿನ ಜನ, ಗುರುತಿಲ್ಲದ ಕಾಯನ್ನು ಗುರುತಿದ್ದ ಒಂದೇ ಕಾಯಿಯ ನೆಂಟನಾಗಿ ಕಂಡರು. ಅವರ ಊಹೆ ತಪ್ಪೇನಲ್ಲ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಕುಲದವು.

ಈ ಪರದೇಶಿ ಹಣ್ಣು ಅಡುಗೆಮನೆಯ ಒಳಗೆ ಬರಲು ಬಹಳ ಕಾಲ ಹಿಡಿಯಿತು. ನಮ್ಮಲ್ಲಿ ಶ್ರಾದ್ಧದ ಅಡುಗೆಗೆ ಟೊಮೆಟೊ ಸೇರಿಸದ ಮನೆಗಳು ಇಂದಿಗೂ ಇವೆ. ಇಟಲಿಯಲ್ಲಿ ಅದನ್ನು ಹೆಚ್ಚಾಗಿ ಅಂದಕ್ಕೆ, ಕುತೂಹಲಕ್ಕೆ ಬೆಳೆಸುವ ಕಾಲವೊಂದಿತ್ತು. ಟೊಮೆಟೊ ಗೊಜ್ಜಿನ ವಿಧಾನ ನೇಪಲ್ಸ್‌ನ ಅಚ್ಚಾದ ಪುಸ್ತಕದಲ್ಲಿ ಕಾಣಿಸಿಕೊಂಡಿದ್ದು 17ನೇ ಶತಮಾನದ ಕೊನೆಯ ದಶಕದಲ್ಲಿ. ಅಂತೋನಿಯೋ ಲತೀನಿ ಎಂಬ ಪಾಕಪ್ರವೀಣ ಅದನ್ನು ‘ಸ್ಪೇನಿನ ರೀತಿಯದು’ ಎಂದೇ ಕರೆದ. ಜನಸಾಮಾನ್ಯರ ನಿತ್ಯದ ಊಟಕ್ಕೆ ಅದು ಇಳಿಯಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ನಾಲಿಗೆಗೆ ರುಚಿ ಹತ್ತಿದ ಮೇಲೆ ಹೊಸ ತೊಡಕು ಎದುರಾಯಿತು. ಅಲ್ಲಿನ ಚಳಿಗಾಲದಲ್ಲಿ ಟೊಮೆಟೊ ಬೆಳೆಯದು. ಡಬ್ಬಿಯಲ್ಲಿ ತುಂಬಿಡುವ ಕಾರ್ಖಾನೆಗಳು ಹಬ್ಬಿದ್ದು 19ನೇ ಶತಮಾನದ ಕೊನೆಗೆ. ಬೇಸಿಗೆಯ ಹಣ್ಣನ್ನು ಚಳಿಗಾಲಕ್ಕೆ ದಾಟಿಸುವುದು ಹೇಗೆ? ವೆಸೂವಿಯಸ್‌ನ ರೈತರು ಕಂಡುಕೊಂಡ ಉತ್ತರವೇ ಪಿಯೆನ್ನೊಲೊ. ಹೆಚ್ಚು ದಿನ ಬಾಳುವ ಹಣ್ಣಿನ ಬೀಜವನ್ನೇ ಆರಿಸಿ ಮರುವರ್ಷ ಬಿತ್ತುತ್ತ ಬಂದರು. ತಲೆಮಾರುಗಳ ಈ ಆಯ್ಕೆಯಿಂದ ತಳಿಯ ಗುಣ ಗಟ್ಟಿಗೊಂಡಿತು.

ಹಣ್ಣು ಚಿಕ್ಕದು, ತೂಕ 20ರಿಂದ 25 ಗ್ರಾಂ. ಆಕಾರ ಮೊಟ್ಟೆಯಂತೆ, ತುದಿಯಲ್ಲಿ ಚೂಪಾದ ಮೂತಿ. ಸಿಪ್ಪೆ ದಪ್ಪ, ತಿರುಳು ಗಟ್ಟಿ, ತೊಟ್ಟಿನ ಹಿಡಿತ ಬಿಗಿ. ಹಣ್ಣು ಸುಲಭವಾಗಿ ಉದುರದು, ಬಿರಿಯದು.

ಮಣ್ಣಿನ ಪಾಲೂ ದೊಡ್ಡದು. ಜ್ವಾಲಾಮುಖಿ ಉಗುಳಿದ ಬೂದಿ, ಮರಳುಗಳಿಂದಾದ ಆ ನೆಲದಲ್ಲಿ ಖನಿಜಾಂಶ ಹೇರಳ, ಆದರೆ ನೀರು ನಿಲ್ಲದೆ ಬಸಿದುಹೋಗುತ್ತದೆ. ಬೇಸಿಗೆಯಲ್ಲಿ ಮಳೆಯೂ ಅಪರೂಪ. ನೀರು ಕಡಿಮೆಯಾದಷ್ಟೂ ಹಣ್ಣಿನಲ್ಲಿ ಸಕ್ಕರೆ, ಹುಳಿಗಳ ಸಾಂದ್ರತೆ ಹೆಚ್ಚು. ಬೇರೆ ಬೆಳೆಗೆ ಕೊರತೆಯೆನಿಸುವ ಸಂಗತಿಯೇ ಇದಕ್ಕೆ ವರವಾಗಿದೆ.

ಚಳಿ ಕಳೆಯುವ ಹೊತ್ತಿಗೆ ಸಸಿಮಡಿ ಮಾಡಿ, ವಸಂತದಲ್ಲಿ ಸಸಿಗಳನ್ನು ಹೊಲಕ್ಕೆ ನಾಟಿ ಮಾಡುತ್ತಾರೆ. ಮರದ ಗೂಟ ನೆಟ್ಟು, ತಂತಿ ಎಳೆದು ಬಳ್ಳಿಯನ್ನು ಎತ್ತಿ ಕಟ್ಟುತ್ತಾರೆ. ಹಣ್ಣು ನೆಲಕ್ಕೆ ತಾಗಬಾರದು, ಎಲ್ಲ ಕಡೆಯೂ ಬಿಸಿಲು ಬೀಳಬೇಕು. ಕೊಯ್ಲು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಬಿಡಿ ಹಣ್ಣನ್ನು ಕೀಳದೆ, ಹೆಚ್ಚಿನವು ಕೆಂಪಾದ ಗೊಂಚಲನ್ನು ಇಡಿಯಾಗಿ ಕತ್ತರಿಸುತ್ತಾರೆ. ನಾರಿನ ಹುರಿಯನ್ನು ಉಂಗುರದಂತೆ ಗಂಟುಹಾಕಿ, ಅದರ ಸುತ್ತ ಒಂದರ ಮೇಲೊಂದು ಗೊಂಚಲು ಪೋಣಿಸಿದರೆ ಕೆಲವು ಕಿಲೋ ತೂಗುವ ಪಿಯೆನ್ನೊಲೊ ಸಿದ್ಧ. ಅದನ್ನು ಗಾಳಿಯಾಡುವ ಒಣ ಜಾಗದಲ್ಲಿ ತೂಗುಹಾಕಬೇಕು, ಕೊಳೆತ ಹಣ್ಣು ಕಂಡರೆ ಆಗಾಗ ತೆಗೆಯಬೇಕು. ತಿಂಗಳು ಕಳೆದಂತೆ ಸಿಪ್ಪೆ ಸುಕ್ಕಾಗುತ್ತದೆ, ರುಚಿ ಮಾತ್ರ ಗಾಢವಾಗುತ್ತದೆ.

ಕ್ರಿಸ್‌ಮಸ್ ವೇಳೆಗೆ ನೇಪಲ್ಸ್‌ನ ಮನೆಗಳಲ್ಲಿ ಯೇಸುವಿನ ಜನನದ ಗೊಂಬೆಗಳನ್ನು ಜೋಡಿಸುವ ಪದ್ಧತಿಯಿದೆ, ನಮ್ಮ ದಸರಾ ಗೊಂಬೆಗಳ ಹಾಗೆ. ಅಲ್ಲಿನ ಪುಟ್ಟ ಅಂಗಡಿಗಳ ಬಾಗಿಲಲ್ಲೂ ಪಿಯೆನ್ನೊಲೊ ತೂಗುತ್ತಿರುತ್ತದೆ. ಬೆತ್ಲೆಹೆಮಿನ ಕಾಲದಲ್ಲಿ ಆ ಸೀಮೆಗೆ ಟೊಮೆಟೊ ಬಂದಿರಲಿಲ್ಲ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಹೊರಗಿನಿಂದ ಬಂದ ಹಣ್ಣು ಅಷ್ಟರಮಟ್ಟಿಗೆ ಮನೆಯದಾಗಿದೆ.

20ನೇ ಶತಮಾನದಲ್ಲಿ ಹೆಚ್ಚು ಇಳುವರಿಯ ಮಿಶ್ರತಳಿಗಳು, ಡಬ್ಬಿಯ ಟೊಮೆಟೊ, ವರ್ಷವಿಡೀ ಫಲ ಕೊಡುವ ಹಸಿರುಮನೆಗಳು ಬಂದವು. ತೂಗುಹಾಕುವ ಅಗತ್ಯವೇ ಹೋಯಿತು. ನೇಪಲ್ಸ್ ಬೆಳೆದಂತೆ ಮನೆಗಳು ಬೆಟ್ಟದ ಬುಡವನ್ನು ಹತ್ತಿ, ಹೊಲಗಳನ್ನು ನುಂಗಿದವು. ಯಂತ್ರ ನುಗ್ಗದ ಪುಟ್ಟ ಮೆಟ್ಟಿಲು ಹೊಲಗಳಲ್ಲಿ ಬೀಜವನ್ನು ಬಿಡದೆ ಕಾಪಾಡಿದ ಸಣ್ಣ ರೈತರಿಂದ ಈ ತಳಿ ಉಳಿಯಿತು. 2009ರಲ್ಲಿ ಐರೋಪ್ಯ ಒಕ್ಕೂಟ ಈ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ವೆಸೂವಿಯಸ್ ಸುತ್ತಣ 18 ಊರಾಡಳಿತಗಳ ವ್ಯಾಪ್ತಿಯಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಉಡುಪಿಯ ಮಟ್ಟುಗುಳ್ಳ ಬದನೆಗೆ 2011ರಲ್ಲಿ ದೊರೆತ ಭೌಗೋಳಿಕ ಗುರುತೂ ಇಂಥದ್ದೇ.

ಆದರೆ ಕಾನೂನು ಕಾಯುವುದು ಹೆಸರನ್ನು. ಬೀಜ ಆರಿಸುವುದು, ಗೂಟ ಕಟ್ಟುವುದು, ಗೊಂಚಲು ಪೋಣಿಸುವುದು ಎಲ್ಲವೂ ಕೈಕೆಲಸ. ಕೆಳಗಿನ ಪಟ್ಟಣದಲ್ಲಿ ಸಂಬಳದ ನೌಕರಿ ಕರೆಯುವಾಗ ರೈತನ ಮಕ್ಕಳು ಆ ಇಳಿಜಾರಿನಲ್ಲಿ ನಿಲ್ಲಬೇಕಾದರೆ, ಅವರ ದುಡಿಮೆಗೆ ತಕ್ಕ ಬೆಲೆ ಬರಬೇಕು. ಐನೂರು ವರ್ಷಗಳ ಹಿಂದೆ ಅಲ್ಲಿ ಇಲ್ಲದಿದ್ದ ಹಣ್ಣೊಂದು ಆ ನಾಡಿನ ಪರಂಪರೆ ಎನಿಸಿಕೊಂಡದ್ದು ಇಂಥ ಕೈಗಳಿಂದ. ಅವು ಕೆಲಸ ಬಿಟ್ಟ ವರ್ಷ, ಹೆಸರು ಕಾಗದದಲ್ಲಿ ಉಳಿದೀತು. ಜಂತಿ ಮಾತ್ರ ಬರಿದಾಗುತ್ತದೆ.